ಹಣೆಬರಹ ಬರೆದ ಕೈ ಯಾರದ್ದು?

1/10

ಟ್ಯಾಟೂ ಡಿಸೈನ್ ಹುಡುಕ್ತಾ ಕೂತ್ರೆ ಇವು ಸಿಕ್ಕೇ ಸಿಗ್ತವೆ. ಕಣ್ಣಿನ ಕೆಳಗೆ ಒಂದು ಹನಿ ಕಣ್ಣೀರು. ಹೆಬ್ಬೆರಳಿನ ಬುಡದಲ್ಲಿ ಮೂರು ಚುಕ್ಕಿ. ಮೊಣಕೈ ಮೇಲೆ ಜೇಡರ ಬಲೆ. ಮಂಡಿ ಮೇಲೆ ಎಂಟು ಮೂಲೆಯ ನಕ್ಷತ್ರ. ಕೆಳಗೆ "ಸಾವೇಜ್ ಲುಕ್" ಅಂತ ಬರೆದಿರ್ತಾರೆ, ಒಂದು ಬೆಂಕಿ ಎಮೋಜಿ ಇರುತ್ತೆ. ನಾವು ಸೇವ್ ಮಾಡ್ಕೊಂಡು ಮುಂದಕ್ಕೆ ಸ್ಕ್ರೋಲ್ ಮಾಡ್ತೀವಿ.

ಇವೆಲ್ಲ ಜೈಲಿನ ಹಚ್ಚೆಗಳು. ಕೆಲವು ಅಲ್ಲೇ ಹುಟ್ಟಿದವು, ಕೆಲವು ಅಲ್ಲಿ ಬೆಳೆದವು. ಅವಕ್ಕೆ ಅರ್ಥ ಇದೆ, ನಿಯಮ ಇದೆ, ತಪ್ಪಿದ್ರೆ ಶಿಕ್ಷೆನೂ ಇದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಒಪ್ಪದಿದ್ರೆ ಕೊನೇಲಿ ಜಗಳ ಆಡೋಣ. ಜೈಲಿನ ಹಚ್ಚೆಯನ್ನ ಹೊರಗಿನವರು ಎರಡು ಥರ ತಪ್ಪಾಗಿ ಓದ್ತಾರೆ. ನಮ್ಮಂಥವರು ಅದನ್ನ ಸ್ಟೈಲ್ ಅಂತ ಓದ್ತೀವಿ. ಪೊಲೀಸರು, ಸರ್ಕಾರಗಳು ಸಾಕ್ಷಿ ಅಂತ ಓದ್ತಾರೆ. ಸೂಜಿ ಯಾರ ಕೈಲಿತ್ತು, ಚರ್ಮ ಯಾರದ್ದು ಅನ್ನೋದನ್ನ ಇಬ್ಬರೂ ಕೇಳಲ್ಲ. ಕೇಳದೇ ಇದ್ರೆ ಏನಾಗುತ್ತೆ ಅನ್ನೋದೇ ಈ ಹತ್ತು ಭಾಗದ ಕಥೆ.

ಈ ಸರಣಿಯಲ್ಲಿ ಯಾವ ಕೈದಿಯ ಮುಖದ ಫೋಟೋನೂ ಹಾಕ್ತಿಲ್ಲ, ಬರೀ ಗೆರೆಚಿತ್ರ ಇರುತ್ತೆ. ಯಾಕೆ ಅನ್ನೋದು ಐದನೇ ಭಾಗಕ್ಕೆ ಬಂದಾಗ ಗೊತ್ತಾಗುತ್ತೆ.

2/10

ಜೈಲಿನ ಹಚ್ಚೆ ಒಂದು ಪೂರ್ತಿ ಭಾಷೆಯಾಗಿ ಬೆಳೆದದ್ದು ಸೋವಿಯತ್ ರಷ್ಯಾದಲ್ಲಿ. ಹಾಗಾಗಿ ಅಲ್ಲಿಂದ ಶುರು ಮಾಡೋಣ.

ಸ್ಟಾಲಿನ್ ಕಾಲದ ಶ್ರಮಶಿಬಿರಗಳಲ್ಲಿ ಲಕ್ಷಾಂತರ ಜನ ತುಂಬಿದ್ರು. ಅವರ ಮಧ್ಯೆ ವೃತ್ತಿಪರ ಕಳ್ಳರ ಒಂದು ಪಂಗಡ ಇತ್ತು. ರಷ್ಯನ್‌ನಲ್ಲಿ ಕಳ್ಳನಿಗೆ "ವೊರ್" ಅಂತಾರೆ. ಈ ವೊರ್‌ಗಳಿಗೆ ಅವರದ್ದೇ ಕಾನೂನು: ಸರ್ಕಾರದ ಜೊತೆ ಕೈ ಜೋಡಿಸಬಾರದು, ಜೈಲಧಿಕಾರಿಗಳಿಗೆ ಕೆಲಸ ಮಾಡಿಕೊಡಬಾರದು, ಸೇನೆ ಸೇರಬಾರದು. ಎರಡನೇ ಮಹಾಯುದ್ಧದಲ್ಲಿ ದೇಶಕ್ಕಾಗಿ ಹೋರಾಡಿ ಮತ್ತೆ ಜೈಲಿಗೆ ಬಂದ ಕಳ್ಳರನ್ನ ಉಳಿದ ಕಳ್ಳರು ದ್ರೋಹಿಗಳು ಅಂದ್ರು. ಶಿಬಿರಗಳ ಒಳಗೇ ಎರಡು ಬಣ ಕಡಿದಾಡಿಕೊಂಡು ಸತ್ವು. ಕಾನೂನು ಅಷ್ಟು ಗಟ್ಟಿ.

ಅಂಥ ಕಡೆ ಹೊಸಬ ಬಂದ್ರೆ ಅವನು ಯಾರು, ಏನು ಅಂತ ಗೊತ್ತಾಗೋದು ಹೇಗೆ? ಕಾಗದ ಪತ್ರ ಎಲ್ಲ ಸರ್ಕಾರದ ಕೈಲಿ. ಬಟ್ಟೆ ಎಲ್ಲರದ್ದೂ ಒಂದೇ ಥರ. ಉಳಿದಿದ್ದು ಚರ್ಮ ಮಾತ್ರ. ಅದರ ಮೇಲೇ ಬರೆದುಕೊಂಡ್ರು.

ಶಾಯಿ ಎಲ್ಲಿಂದ? ಬೂಟಿನ ಹಿಮ್ಮಡಿಯ ರಬ್ಬರ್ ಸುಟ್ಟು, ಆ ಮಸಿಯನ್ನ ಮೂತ್ರದಲ್ಲಿ ಕಲಸ್ತಿದ್ರು. ಸೂಜಿ ಸಿಗದಿದ್ರೆ ಹರಿತ ಮಾಡಿದ ಗಿಟಾರ್ ತಂತಿ. ಆಮೇಲಾಮೇಲೆ ಎಲೆಕ್ಟ್ರಿಕ್ ಶೇವರ್ ಮೋಟರ್‌ಗೆ ಆ ತಂತಿ ಕಟ್ಟಿ ಮಷೀನ್ ಮಾಡ್ಕೊಂಡ್ರು. ಹಚ್ಚೆ ಹಾಕೋದು ಜೈಲಲ್ಲಿ ನಿಷೇಧ, ಸಿಕ್ಕಿಬಿದ್ರೆ ಶಿಕ್ಷೆ. ದೊಡ್ಡ ಚಿತ್ರವಾದ್ರೆ ಎಷ್ಟೋ ದಿನ ಕದ್ದು ಕೂರಬೇಕು. ಕೀವು, ಜ್ವರ, ರಕ್ತಕ್ಕೆ ನಂಜು ಏರೋದು ಎಲ್ಲ ಮಾಮೂಲು.

3/10

ಏನು ಬರೆದುಕೊಳ್ತಿದ್ರು? ಕೆಲವು ಉದಾಹರಣೆ ನೋಡಿ.

ಭುಜದ ಮೇಲೆ ನಕ್ಷತ್ರ: ಕಳ್ಳರ ಲೋಕದಲ್ಲಿ ದೊಡ್ಡ ಸ್ಥಾನ. ಮಂಡಿ ಮೇಲೆ ಅದೇ ನಕ್ಷತ್ರ ಇದ್ರೆ "ನಾನು ಯಾರ ಮುಂದೆಯೂ ಮಂಡಿ ಊರಲ್ಲ" ಅಂತ.

ಚರ್ಚು: ನೋಡಿದವರು ಭಕ್ತ ಅಂದ್ಕೊಳ್ಳಬೇಕು. ಅಲ್ಲ. ಚರ್ಚಿನ ಮೇಲೆ ಎಷ್ಟು ಗುಮ್ಮಟ ಇದೆಯೋ ಅಷ್ಟು ಸಲ ಜೈಲಿಗೆ ಬಂದಿದ್ದಾನೆ ಅಂತ ಲೆಕ್ಕ.

ಬೆಕ್ಕು: ಕಳ್ಳ. ಸದ್ದಿಲ್ಲದೆ ಬಂದು ಹೋಗೋ ಪ್ರಾಣಿ. ರಷ್ಯನ್‌ನಲ್ಲಿ ಬೆಕ್ಕಿಗೆ "ಕೋಟ್" ಅಂತಾರೆ. ಆ ಮೂರು ಅಕ್ಷರ ಬಿಡಿಸಿದ್ರೆ "ಜೈಲಿನ ಮೂಲನಿವಾಸಿ" ಅನ್ನೋ ಅರ್ಥ ಬರೋ ಹಾಗೆ ಜೋಡಿಸಿಕೊಂಡಿದ್ರು.

ಐದು ಚುಕ್ಕಿ: ನಾಲ್ಕು ಮೂಲೆಗೆ ನಾಲ್ಕು ಕಾವಲು ಗೋಪುರ, ನಡುವೆ ಒಬ್ಬ ಕೈದಿ.

ನನಗೆ ತುಂಬಾ ಇಷ್ಟವಾದದ್ದು ಎದೆ ಮೇಲಿನ ಲೆನಿನ್. ಕೆಳಗೆ ಮೂರೇ ಅಕ್ಷರ: ವ, ಓ, ರ. ಗಾರ್ಡ್ ಕೇಳಿದ್ರೆ "ಅಕ್ಟೋಬರ್ ಕ್ರಾಂತಿಯ ನಾಯಕ ಸಾರ್, ಅದರ ಮೊದಲಕ್ಷರಗಳು" ಅನ್ನಬಹುದು, ರಷ್ಯನ್‌ನಲ್ಲಿ ನಿಜಕ್ಕೂ ಹಾಗೇ ಬರುತ್ತೆ. ಮೂರನ್ನೂ ಸೇರಿಸಿ ಓದಿದ್ರೆ? ವೊರ್. ಕಳ್ಳ!

ಲೆನಿನ್, ಸ್ಟಾಲಿನ್ ಮುಖ ಎದೆ ಮೇಲಿದ್ರೆ ಗುಂಡು ಹೊಡೆಯೋ ಸೈನಿಕರಿಗೆ ನಾಯಕನ ಚಿತ್ರಕ್ಕೆ ಗುರಿ ಇಡೋ ಧೈರ್ಯ ಬರಲ್ಲ ಅನ್ನೋ ನಂಬಿಕೆನೂ ಇತ್ತು. ಆದ್ರೆ ಸೋವಿಯತ್ ಮರಣದಂಡನೆಯಲ್ಲಿ ಗುಂಡು ಹೊಡೀತಿದ್ದದ್ದು ಹೆಚ್ಚಾಗಿ ತಲೆಯ ಹಿಂಭಾಗಕ್ಕೆ.

ಇಷ್ಟು ಓದಿದಾಗ "ಅಬ್ಬಾ, ಸೂಪರ್" ಅನ್ಸುತ್ತೆ ಅಲ್ವಾ? ಮುಂದಿನ ಭಾಗ ಓದಿ.

4/10

ಈ ಭಾಷೆಯಲ್ಲಿ ಸುಳ್ಳು ಹೇಳೋ ಹಾಗಿಲ್ಲ.

ಹೊಸ ಸೆಲ್‌ಗೆ ಹೋದ ಕೈದಿಯನ್ನ "ನಿನ್ನ ಹಚ್ಚೆಗೆ ನೀನು ಜವಾಬು ಕೊಡ್ತೀಯಾ?" ಅಂತ ಕೇಳ್ತಿದ್ರು. ಅವನ ಸ್ಥಾನಕ್ಕಿಂತ ದೊಡ್ಡ ಗುರುತು ಮೈಮೇಲೆ ಇದ್ರೆ ಅದನ್ನ ಅವನೇ ತೆಗೀಬೇಕು. ಲೇಸರ್ ಎಲ್ಲಿ ಬರಬೇಕು? ಗಾಜಿನ ಚೂರು, ಇಟ್ಟಿಗೆ, ಉಪ್ಪು ಕಾಗದ. ಚರ್ಮದ ಸಮೇತ ಉಜ್ಜಿ ತೆಗೀಬೇಕು. ತೆಗೀಲಿಲ್ಲ ಅಂದ್ರೆ ಬೇರೆಯವರು ತೆಗೀತಾರೆ.

ಇನ್ನೂ ಕೆಟ್ಟದ್ದು ಬಲವಂತದ ಹಚ್ಚೆ. ಇಸ್ಪೀಟಲ್ಲಿ ಸೋತವರು, ಸಾಲ ತೀರಿಸದವರು, ಮಾಹಿತಿ ಕೊಟ್ಟವರು ಅಂತ ಅನುಮಾನ ಬಂದವರು, ಅತ್ಯಾಚಾರಕ್ಕೆ ಒಳಗಾದವರು, ಇಂಥವರನ್ನ ಹಿಡಿದು ಕೂರಿಸಿ ಗುರುತು ಹಾಕ್ತಿದ್ರು. ಕೆಲವರಿಗೆ ಮುಖದ ಮೇಲೇ. ಆಮೇಲೆ ಅವರು ಜೈಲಿನ ಅತ್ಯಂತ ಕೆಳಗಿನ ವರ್ಗ. ಅವರ ಊಟದ ಜಾಗ ಬೇರೆ, ತಟ್ಟೆ ಬೇರೆ. ಅವರು ಮುಟ್ಟಿದ್ದನ್ನ ಬೇರೆಯವರು ಮುಟ್ಟಲ್ಲ. ಅವರ ಕೈಯಿಂದ ಏನಾದ್ರೂ ತಗೊಂಡ್ರೆ ತಗೊಂಡವನೂ ಮೈಲಿಗೆ. ಇನ್ನೊಂದು ಜೈಲಿಗೆ ಹೋದ್ರೂ ಗುರುತು ಜೊತೆಗೇ ಬರುತ್ತೆ.

ಬೇರೆ ತಟ್ಟೆ, ಬೇರೆ ಲೋಟ. ಇದನ್ನ ಅರ್ಥ ಮಾಡಿಕೊಳ್ಳೋಕೆ ನಮಗೆ ರಷ್ಯಾಗೆ ಹೋಗೋ ಅಗತ್ಯ ಇಲ್ಲ. ನಮ್ಮ ಹಳ್ಳಿ ಹೋಟೆಲ್‌ಗಳ ಇತಿಹಾಸ ಗೊತ್ತಿದ್ದವರಿಗೆ ಸಾಕು.

ಜೈಲಿನ ಹಚ್ಚೆ ಅಂದ್ರೆ ಬಂಡಾಯ, ಸ್ವಾತಂತ್ರ್ಯ, ವ್ಯವಸ್ಥೆಗೆ ಸಡ್ಡು ಅಂತೆಲ್ಲ ಹೇಳೋರಿಗೆ ನನ್ನ ತಕರಾರು ಇದೇ. ನಕ್ಷತ್ರದ ಹುಡುಗನೊಬ್ಬನ ಫೋಟೋ ನಮ್ಮ ಕಣ್ಣಿಗೆ ಬೀಳುತ್ತೆ. ಅವನ ಕಾಲಡಿ ಇದ್ದವನ ಫೋಟೋ ಯಾರ ಮೂಡ್‌ಬೋರ್ಡ್‌ನಲ್ಲೂ ಇರಲ್ಲ. ಹೊರಗಿನ ಸರ್ಕಾರಕ್ಕೆ ಸಡ್ಡು ಹೊಡೆದವರು ಒಳಗೆ ಅದಕ್ಕಿಂತ ಕ್ರೂರವಾದ ಸರ್ಕಾರ ನಡೆಸಿದ್ರು.

5/10

ಇಷ್ಟೆಲ್ಲ ನಮಗೆ ಹೇಗೆ ಗೊತ್ತು? ಹೆಚ್ಚಿನದ್ದು ಒಬ್ಬ ಜೈಲು ಗಾರ್ಡ್‌ನಿಂದ.

ಡಾನ್ಸಿಗ್ ಬಾಲ್ದಾಯೆವ್. 1925ರಲ್ಲಿ ಹುಟ್ಟಿದ್ದು, ಬುರ್ಯಾತ್ ಜನಾಂಗ. ತಂದೆ ಜಾನಪದ ವಿದ್ವಾಂಸ. ಸ್ಟಾಲಿನ್ ಕಾಲದಲ್ಲಿ "ಜನರ ಶತ್ರು" ಅಂತ ತಂದೆಯನ್ನ ಬಂಧಿಸಿದ್ರು, ಮಗ ಅನಾಥಾಲಯದಲ್ಲಿ ಬೆಳೆದ. ಆಮೇಲೆ 1948ರಲ್ಲಿ ಲೆನಿನ್‌ಗ್ರಾದ್‌ನ ಕ್ರೆಸ್ತಿ ಜೈಲಿಗೆ ಕಾವಲುಗಾರನಾಗಿ ಸೇರಿದ. ಅಲ್ಲಿ ಕೈದಿಗಳ ಹಚ್ಚೆ ನೋಡಿ ನೋಡಿ ಬಿಡಿಸೋಕೆ ಶುರು ಮಾಡಿದ, ಹತ್ತಾರು ವರ್ಷ ಬಿಡಿಸಿದ. 3000ಕ್ಕೂ ಹೆಚ್ಚು ಚಿತ್ರಗಳು, ಪ್ರತಿಯೊಂದರ ಅರ್ಥದ ಸಮೇತ.

ವಿಷಯ ಕೆಜಿಬಿಗೆ ಗೊತ್ತಾಯ್ತು. ಶಿಕ್ಷೆ ಆಗುತ್ತೆ ಅಂದ್ಕೊಂಡ್ರೆ, ಅವರು ಮುಂದುವರಿಸು ಅಂದ್ರು. ಅಪರಾಧಿಗಳನ್ನ ಗುರುತಿಸೋಕೆ ಉಪಯೋಗ ಆಗುತ್ತಲ್ಲ! ಅರ್ಕಾದಿ ಬ್ರೋನ್ನಿಕೋವ್ ಅನ್ನೋ ಇನ್ನೊಬ್ಬ ಅಧಿಕಾರಿ ಉರಲ್ ಮತ್ತು ಸೈಬೀರಿಯಾ ಭಾಗದ ಜೈಲುಗಳಲ್ಲಿ ಕೈದಿಗಳ ಮೈಯ ಫೋಟೋ ತೆಗೆದದ್ದೂ ಪೊಲೀಸ್ ಕೆಲಸಕ್ಕೇ.

2003ರಿಂದ ಬಾಲ್ದಾಯೆವ್ ಚಿತ್ರಗಳು ಲಂಡನ್‌ನಲ್ಲಿ ಚಂದದ ಪುಸ್ತಕಗಳಾಗಿ ಬಂದ್ವು. ಬ್ರೋನ್ನಿಕೋವ್ ಫೋಟೋಗಳೂ ಪುಸ್ತಕ ಆದ್ವು. 2007ರ "ಈಸ್ಟರ್ನ್ ಪ್ರಾಮಿಸಸ್" ಸಿನಿಮಾದಲ್ಲಿ ಬಾಸ್‌ಗಳು ಹೀರೋನ ಮೈ ಓದೋ ದೃಶ್ಯ ನೋಡಿ ಜಗತ್ತೇ ಬೆರಗಾಯ್ತು. ಈಗ ನಮ್ಮ ಫೋನ್‌ಗೆ ಬರೋ ಎಷ್ಟೋ ಡಿಸೈನ್‌ಗಳ ಮೂಲ ಇಂಥ ಪುಸ್ತಕಗಳೇ.

ಬಾಲ್ದಾಯೆವ್ ಬಗ್ಗೆ ನನಗೆ ಗೌರವ ಇದೆ. ಅವನಿಲ್ಲದಿದ್ರೆ ಒಂದು ಭಾಷೆಯೇ ಕಳೆದುಹೋಗ್ತಿತ್ತು. ಆದ್ರೆ ಪೊಲೀಸ್ ಕ್ಯಾಮೆರಾ ಮುಂದೆ ಶರ್ಟ್ ಬಿಚ್ಚಿ ನಿಂತ ಕೈದಿಗೆ "ಬೇಡ" ಅನ್ನೋ ಅವಕಾಶ ಇತ್ತಾ? ಆ ಮುಖವನ್ನ ನಾನು ಇಲ್ಲಿ ಲೈಕ್‌ಗೋಸ್ಕರ ಹಾಕೋದು ಬೇಡ ಅನ್ನಿಸಿದ್ದು ಅದಕ್ಕೇ.

6/10

ಇಲ್ಲಿವರೆಗೆ ಹೇಳಿದ್ದು ಕೈದಿಗಳೇ ಹಾಕಿಕೊಂಡ, ಕೈದಿಗಳೇ ಒಬ್ಬರಿಗೊಬ್ಬರು ಹಾಕಿದ ಹಚ್ಚೆ. ಸರ್ಕಾರವೇ ಸೂಜಿ ಹಿಡಿದದ್ದೂ ಇದೆ. ಅದಕ್ಕೆ ಬಹಳ ದೂರ ಹೋಗಬೇಕಿಲ್ಲ.

ಹಣೆಬರಹ ಅಂತೀವಲ್ಲ, ಬ್ರಹ್ಮ ಬರೆದದ್ದು ಅಂತ. ಈಸ್ಟ್ ಇಂಡಿಯಾ ಕಂಪನಿ ಅದನ್ನ ನಿಜವಾಗಿಯೂ ಬರೀತು. 1797ರಲ್ಲಿ ಬಂಗಾಳದಲ್ಲಿ ಒಂದು ಕಾನೂನು ಬಂತು. ಜೀವಾವಧಿ ಶಿಕ್ಷೆ ಆದ ಕೈದಿಯ ಹಣೆ ಮೇಲೆ ಅವನ ಅಪರಾಧವನ್ನ ಹಚ್ಚೆ ಹಾಕಬೇಕು, ಅದೂ ಸ್ಥಳೀಯ ಭಾಷೆಯಲ್ಲಿ, ಊರವರಿಗೆಲ್ಲ ಓದೋಕೆ ಬರೋ ಹಾಗೆ. ಇದಕ್ಕೆ "ಗೋದನಾ" ಅಂತಿದ್ರು. ಓಡಿಹೋದ್ರೂ ಸಿಕ್ಕಿಬೀಳಲಿ ಅಂತ. ಮುಂದೆ ಮದ್ರಾಸ್ ಪ್ರೆಸಿಡೆನ್ಸಿಗೂ ಈ ಪದ್ಧತಿ ಬಂತು. ಆಗ ನಮ್ಮ ಬಳ್ಳಾರಿ, ಮಂಗಳೂರು ಎರಡೂ ಇದ್ದದ್ದು ಅದೇ ಪ್ರೆಸಿಡೆನ್ಸಿಯಲ್ಲಿ.

ಕೈದಿಗಳು ಏನು ಮಾಡಿದ್ರು? ಪೇಟವನ್ನ ಹುಬ್ಬಿನವರೆಗೆ ಇಳಿಸಿ ಸುತ್ತಿಕೊಂಡ್ರು. ಕೂದಲು ಮುಂದಕ್ಕೆ ಬಿಟ್ಕೊಂಡ್ರು. 1849ರಲ್ಲಿ ಕಾನೂನು ರದ್ದಾಯ್ತು. ಆದ್ರೆ ಹಣೆ ಮೇಲೆ ಬರೆಸಿಕೊಂಡವರಿಗೆ ರದ್ದಾಗಿದ್ದು ಏನು?

ಜಪಾನ್‌ನಲ್ಲೂ ಹೀಗೇ ಇತ್ತು. ಎದೊ ಕಾಲದಲ್ಲಿ ಕಳ್ಳರ ತೋಳಿಗೆ ಕಪ್ಪು ಪಟ್ಟಿ ಹಾಕ್ತಿದ್ರು. ಅದನ್ನ ಮುಚ್ಚೋಕೆ ಅದರ ಮೇಲೆ ಬೇರೆ ಚಿತ್ರ ಹಾಕಿಸಿಕೊಂಡವರೂ ಇದ್ರು.

ಹಳೇ ಕಾಲದ ಮಾತು ಬಿಡಿ ಅಂತೀರಾ? 1993, ಅಮೃತಸರ. ಪೊಲೀಸರು ನಾಲ್ಕು ಹೆಂಗಸರ ಹಣೆ ಮೇಲೆ "ಜೇಬ್‌ಕತ್ರಿ" ಅಂತ ಹಚ್ಚೆ ಹಾಕಿಸಿದ್ರು. ಅಂದ್ರೆ ಜೇಬುಗಳ್ಳಿ. ಸ್ವತಂತ್ರ ಭಾರತದಲ್ಲಿ, ಯಾವ ಕಾನೂನೂ ಹೇಳದ ಶಿಕ್ಷೆ. ಆ ಕೇಸಲ್ಲಿ ಪೊಲೀಸರಿಗೆ ಶಿಕ್ಷೆ ಆಗಿದ್ದು 2016ರಲ್ಲಿ. 23 ವರ್ಷ! ನಮ್ಮಲ್ಲಿ ಎಷ್ಟೋ ಜನರ ವಯಸ್ಸು ಅದಕ್ಕಿಂತ ಕಮ್ಮಿ.

7/10

ಈಗ ನಮ್ಮ ಅಜ್ಜಿಯರ ಕೈ ನೋಡೋಣ.

ಉತ್ತರ ಕರ್ನಾಟಕ, ಹಳೇ ಮೈಸೂರು, ಯಾವ ಕಡೆ ಹಳ್ಳಿಗೆ ಹೋದ್ರೂ ವಯಸ್ಸಾದ ಹೆಂಗಸರ ಕೈಮೇಲೆ ಹಸಿರು ಹಚ್ಚೆ ಕಾಣುತ್ತೆ. ಚುಕ್ಕಿ, ತುಳಸಿ ಕಟ್ಟೆ, ತೊಟ್ಟಿಲು, ಗಂಡನ ಹೆಸರು. ಸತ್ತ ಮೇಲೂ ಜೊತೆಗೆ ಬರೋ ಒಡವೆ ಇದೊಂದೇ ಅಂತ ಹೇಳ್ತಾರೆ. ಇದನ್ನ ಹಾಕ್ತಿದ್ದವರಲ್ಲಿ ಹೆಚ್ಚಿನವರು ಊರೂರು ತಿರುಗ್ತಿದ್ದ ಕೊರವ, ಕೊರಮ ಹೆಂಗಸರು. ಸೂಜಿ ಚುಚ್ಚುವಾಗ ನೋವು ಮರೆಯಲಿ ಅಂತ ಹಾಡು ಹೇಳ್ತಾ, ಕೂಲಿಗೆ ಜೋಳನೋ ರಾಗಿನೋ ಹಳೇ ಸೀರೆನೋ ತಗೊಂಡು ಹೋಗ್ತಿದ್ರು.

ಆ ಹೆಂಗಸರ ಸಮುದಾಯಕ್ಕೇ ಬ್ರಿಟಿಷರು ಏನು ಮಾಡಿದ್ರು ಗೊತ್ತಾ? 1871ರಲ್ಲಿ ಶುರುವಾದ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನ ಆಮೇಲೆ ದಕ್ಷಿಣಕ್ಕೂ ತಂದು, ಕೊರವರನ್ನ ಹುಟ್ಟಿನಿಂದಲೇ ಅಪರಾಧಿಗಳು ಅಂತ ಪಟ್ಟಿಗೆ ಸೇರಿಸಿದ್ರು. ಹೆಸರು ನೋಂದಾಯಿಸಬೇಕು, ಬೆರಳಚ್ಚು ಕೊಡಬೇಕು, ಊರು ಬಿಡೋಕೆ ಅನುಮತಿ ಬೇಕು. ಹುಬ್ಬಳ್ಳಿಯಲ್ಲಿ ಇಂಥ ಸಮುದಾಯಗಳನ್ನ ಕೂಡಿಹಾಕೋಕೆ ಒಂದು ಸೆಟ್ಲ್‌ಮೆಂಟೇ ಇತ್ತು. ಕಾಯ್ದೆ ಪೂರ್ತಿ ಹೋಗಿದ್ದು 1952ರಲ್ಲಿ.

ಇಲ್ಲಿ ಸೂಜಿಯೂ ಬೇಕಾಗಲಿಲ್ಲ, ಶಾಯಿಯೂ ಬೇಕಾಗಲಿಲ್ಲ. ಮಗು ಹುಟ್ಟೋ ಮೊದಲೇ ಹಣೆ ಮೇಲೆ "ಕಳ್ಳ" ಅಂತ ಬರೆದಾಗಿತ್ತು. ಊರಿನ ಹೆಂಗಸರ ಕೈಗೆ ಶುಭದ ಗುರುತು ಬರೆದವರಿಗೆ ಸರ್ಕಾರ ಕೊಟ್ಟ ಗುರುತು ಇದು. ಜೈಲಿನ ಹಚ್ಚೆ ಬಗ್ಗೆ ಮಾತಾಡುವಾಗ ಈ ಕಾಣದ ಹಚ್ಚೆಯನ್ನೂ ಲೆಕ್ಕಕ್ಕೆ ತಗೋಬೇಕು ಅಂತ ನನಗೆ ಅನ್ಸುತ್ತೆ. ಅದು ಅಳಿಸೋಕೆ ಇನ್ನೂ ಕಷ್ಟ.

8/10

ಇವತ್ತಿಗೆ ಬರೋಣ. ಈಗ ಸರ್ಕಾರ ಬರೆಯಲ್ಲ, ಓದುತ್ತೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪೊಲೀಸರ ಹತ್ರ ಗ್ಯಾಂಗ್ ಸದಸ್ಯರ ದೊಡ್ಡ ಡೇಟಾಬೇಸ್ ಇದೆ. ಅದಕ್ಕೆ ಹೆಸರು ಸೇರಿಸೋಕೆ ಇರೋ ಮಾನದಂಡಗಳಲ್ಲಿ ಟ್ಯಾಟೂ ಕೂಡ ಒಂದು. 2016ರಲ್ಲಿ ರಾಜ್ಯದ ಆಡಿಟರ್ ತಪಾಸಣೆ ಮಾಡಿದಾಗ, ಹೆಸರು ಸೇರಿಸೋ ಹೊತ್ತಿಗೆ ಒಂದು ವರ್ಷವೂ ತುಂಬಿರದ 42 "ಗ್ಯಾಂಗ್‌ಸ್ಟರ್‌ಗಳು" ಸಿಕ್ಕಿದ್ರು. ತೊಟ್ಟಿಲ ಮಕ್ಕಳು! ಅದರಲ್ಲಿ 28 ಜನ ತಾವೇ ಒಪ್ಪಿಕೊಂಡಿದ್ದಾರೆ ಅಂತ ಬೇರೆ ಬರೆದಿತ್ತು.

ಎಲ್ ಸಾಲ್ವಡಾರ್‌ನಲ್ಲಿ ಎಂಎಸ್-13, ಬಾರಿಯೊ 18 ಅನ್ನೋ ಗ್ಯಾಂಗ್‌ಗಳವರು ಮುಖದ ತುಂಬಾ ಹಚ್ಚೆ ಹಾಕಿಸಿಕೊಳ್ತಿದ್ರು. 2003ರಲ್ಲಿ ಸರ್ಕಾರ ಹಚ್ಚೆ ನೋಡಿ ಹಿಡಿಯೋಕೆ ಶುರು ಮಾಡ್ತು. ಗ್ಯಾಂಗ್‌ಗಳು ಹುಷಾರಾದ್ವು, ಹೊಸ ಹುಡುಗರು ಕಾಣೋ ಕಡೆ ಹಾಕಿಸಿಕೊಳ್ಳೋದು ಕಮ್ಮಿ ಆಯ್ತು. ಮೈಮೇಲೆ ಹಳೇ ಗುರುತು ಉಳಿದದ್ದು ಗ್ಯಾಂಗ್ ಬಿಟ್ಟು ಬಂದವರಿಗೂ ಸೇರಿ. 40,000 ಜನರನ್ನ ಹಿಡಿಸೋ ಸೆಕೋಟ್ ಜೈಲು 2023ರಲ್ಲಿ ಶುರುವಾದಾಗ, ತಲೆ ಬೋಳಿಸಿ ಸಾಲಾಗಿ ಕೂರಿಸಿದ ಹಚ್ಚೆ ಮೈಗಳ ವಿಡಿಯೊ ಬಂತಲ್ಲ, ನೀವೂ ನೋಡಿರ್ತೀರಿ.

2025ರ ಮಾರ್ಚ್‌ನಲ್ಲಿ ಅಮೆರಿಕ 200ಕ್ಕೂ ಹೆಚ್ಚು ವೆನೆಜುವೆಲಾದವರನ್ನ ಗ್ಯಾಂಗ್ ಸದಸ್ಯರು ಅಂತ ಹೇಳಿ, ವಿಚಾರಣೆ ಇಲ್ಲದೆ ಅದೇ ಜೈಲಿಗೆ ಕಳಿಸ್ತು. ಅಧಿಕಾರಿಗಳ ಹತ್ರ ಒಂದು ಅಂಕಪಟ್ಟಿ ಇತ್ತು. ಗ್ಯಾಂಗ್‌ನದ್ದು ಅನ್ನಿಸೋ ಟ್ಯಾಟೂಗೆ 4 ಅಂಕ, ಒಟ್ಟು 8 ಬಂದ್ರೆ ನೀವು ಗ್ಯಾಂಗ್‌ಸ್ಟರ್. ಹಾಗೆ ಹೋದವರಲ್ಲಿ ಒಬ್ಬ ಮೇಕಪ್ ಕಲಾವಿದ. ಅವನ ಎರಡು ಕೈಮೇಲೂ ಕಿರೀಟ, ಜೊತೆಗೆ "ಅಮ್ಮ", "ಅಪ್ಪ" ಅನ್ನೋ ಅರ್ಥದ ಪದ. ಇನ್ನೊಬ್ಬ ಫುಟ್‌ಬಾಲ್ ಗೋಲ್‌ಕೀಪರ್, ಅವನ ಮೈಮೇಲೆ ಚೆಂಡು, ಅದರ ಮೇಲೆ ಕಿರೀಟ. ಆ ಗ್ಯಾಂಗ್‌ಗೆ ಗುರುತಿನ ಹಚ್ಚೆ ಅನ್ನೋದೇ ಇಲ್ಲ ಅಂತ ಅದನ್ನ ಬಲ್ಲವರು ಹೇಳ್ತಾನೇ ಇದ್ರು. ನಾಲ್ಕು ತಿಂಗಳ ಮೇಲೆ ಅವರನ್ನೆಲ್ಲ ವೆನೆಜುವೆಲಾಗೆ ವಾಪಸ್ ಕಳಿಸಿದ್ರು.

ಅಮ್ಮ, ಅಪ್ಪ ಅಂತ ಹಾಕಿಸಿಕೊಂಡವರು ನಮ್ಮ ಕ್ಲಾಸಲ್ಲಿ ಎಷ್ಟು ಜನ ಇದ್ದೀರಿ, ಎಣಿಸಿ ನೋಡಿ.

9/10

"ನನ್ನ ಮೈ, ನನ್ನಿಷ್ಟ. ನಕ್ಷತ್ರ ಯಾರಪ್ಪನ ಆಸ್ತಿ?" ಅಂತ ಯಾರಾದ್ರೂ ಕೇಳೇ ಕೇಳ್ತೀರಿ. ನ್ಯಾಯವಾದ ಪ್ರಶ್ನೆ.

ನಿಮ್ಮ ಮೈ ನಿಮ್ಮದು, ಅದರಲ್ಲಿ ಎರಡು ಮಾತಿಲ್ಲ. ನಕ್ಷತ್ರ ಯಾರ ಆಸ್ತಿಯೂ ಅಲ್ಲ, ಅದೂ ನಿಜ. ರಷ್ಯಾದಲ್ಲೇ ಸೋವಿಯತ್ ಒಕ್ಕೂಟ ಬಿದ್ದ ಮೇಲೆ ಹಳೇ ನಿಯಮ ಸಡಿಲ ಆಯ್ತು. ದುಡ್ಡು ಕೊಟ್ರೆ ಯಾವ ಹಚ್ಚೆ ಬೇಕಾದ್ರೂ ಸಿಗುತ್ತೆ ಅಂತ ಹಳೇ ಕೈದಿಗಳೇ ಗೊಣಗ್ತಿದ್ರು. ಕಣ್ಣೀರ ಹನಿಗೂ ಒಂದೇ ಅರ್ಥ ಇಲ್ಲ. ಕೆಲವು ಕಡೆ ಕೊಲೆ ಮಾಡಿದ್ದೀನಿ ಅಂತ, ಕೆಲವು ಕಡೆ ನನ್ನವರು ಸತ್ತಿದ್ದಾರೆ ಅಂತ. ಹಾಗಾಗಿ "ಹಾಕಿಸ್ಕೊಂಡ್ರೆ ರಷ್ಯಾ ಮಾಫಿಯಾ ಬಂದು ಕೊಲ್ಲುತ್ತೆ" ಅಂತ ನಾನು ಹೆದರಿಸ್ತಿಲ್ಲ.

ನಾನು ಹೇಳ್ತಿರೋದು ಬೇರೆ. ಕಣ್ಣೀರ ಹನಿ ನಮಗೆ ಮೇಕಪ್ಪು. ಅದನ್ನ ಹೊತ್ತುಕೊಂಡು ಜೈಲಿಂದ ಹೊರಗೆ ಬಂದವನಿಗೆ ಬಾಡಿಗೆ ಮನೆ ಸಿಗಲ್ಲ, ಕೆಲಸ ಸಿಗಲ್ಲ, ಬಸ್ಸಲ್ಲಿ ಪಕ್ಕದ ಸೀಟು ಖಾಲಿ ಉಳಿಯುತ್ತೆ. ನಮಗೆ ಬೇಜಾರಾದ್ರೆ ಲೇಸರ್ ಇದೆ. ಅವನಿಗೆ ಗಾಜಿನ ಚೂರು ಇತ್ತು. ಈ ವ್ಯತ್ಯಾಸ ಗೊತ್ತಿದ್ದೂ ಹಾಕಿಸ್ಕೊಳ್ತೀನಿ ಅಂದ್ರೆ ಹಾಕಿಸ್ಕೊಳ್ಳಿ. ಗೊತ್ತಿಲ್ಲದೆ ಬೇಡ ಅಷ್ಟೇ.

ಪ್ರಾಕ್ಟಿಕಲ್ ಆಗಿ ಎರಡು ಮಾತು. ಆರ್ಮಿ, ಅಗ್ನಿವೀರ್‌ಗೆ ರೆಡಿ ಆಗ್ತಿರೋರು ಗಮನಿಸಿ. ಸಾಮಾನ್ಯವಾಗಿ ಮೊಣಕೈ ಒಳಭಾಗದಿಂದ ಮಣಿಕಟ್ಟಿನವರೆಗೆ, ಮತ್ತೆ ಅಂಗೈ ಹಿಂಭಾಗದಲ್ಲಿ ಮಾತ್ರ ಶಾಶ್ವತ ಹಚ್ಚೆಗೆ ಅವಕಾಶ. ಹಚ್ಚೆಯ ಸಂಪ್ರದಾಯ ಇರೋ ಬುಡಕಟ್ಟಿನವರಿಗೆ ವಿನಾಯಿತಿ ಇದೆ. ಎರಡನೇದು, ಜಾತ್ರೆಯಲ್ಲೋ ರೂಮಲ್ಲೋ ಒಂದೇ ಸೂಜೀಲಿ ಎಲ್ಲರಿಗೂ ಚುಚ್ಚಿದ್ರೆ ಹೆಪಟೈಟಿಸ್, ಎಚ್‌ಐವಿ ಹರಡಬಹುದು. ಹೊಸ ಸೂಜಿಯ ಪ್ಯಾಕೆಟ್ ನಿಮ್ಮ ಕಣ್ಮುಂದೆ ಒಡೀಬೇಕು.

10/10

ಗ್ರೀಕರು ಗುಲಾಮರಿಗೆ, ಯುದ್ಧ ಕೈದಿಗಳಿಗೆ ಚುಚ್ಚಿ ಹಾಕ್ತಿದ್ದ ಗುರುತಿಗೆ "ಸ್ಟಿಗ್ಮಾ" ಅಂತಿದ್ರು. ಇವತ್ತು ನಾವು ಕಳಂಕ ಅನ್ನೋ ಅರ್ಥದಲ್ಲಿ ಬಳಸೋ ಇಂಗ್ಲಿಷ್ ಪದ ಅದೇ. ಮೊದಲು ಚರ್ಮದ ಮೇಲಿದ್ದದ್ದು ಆಮೇಲೆ ನೋಡೋರ ಕಣ್ಣಿಗೆ ಸೇರಿಕೊಂಡಿದೆ.

ನಾವು ಅಪ್ಪಟ ಓದುಗರು. ದಿನಕ್ಕೆ ನೂರಾರು ಮುಖ, ನೂರಾರು ಮೈ ಸ್ಕ್ರೋಲ್ ಮಾಡ್ತಾ ಓದ್ತೀವಿ. ಒಂದೇ ಸೆಕೆಂಡಲ್ಲಿ "ಇವನು ರೌಡಿ", "ಇವಳು ಸರಿ ಇಲ್ಲ" ಅಂತ ತೀರ್ಪು ಕೊಡ್ತೀವಿ. 4 ಅಂಕ, 8 ಅಂಕದ ಪಟ್ಟಿ ಆ ಅಧಿಕಾರಿಗಳ ಹತ್ರ ಮಾತ್ರ ಇಲ್ಲ, ನಮ್ಮ ತಲೆಯಲ್ಲೂ ಒಂದಿದೆ. ಹಾಸ್ಟೆಲ್‌ನಲ್ಲಿ ಫೋನ್ ಕಳೆದುಹೋದ್ರೆ ಮೊದಲು ಯಾರ ಬ್ಯಾಗ್ ತೆಗೆಸ್ತೀವಿ? ಅವನ ಮೈಮೇಲೆ ಏನಿದೆ ಅಂತ ನೋಡಿ ತೆಗೆಸ್ತೀವಾ, ಅವನ ಊರು, ಕೇರಿ, ಜಾತಿ ನೋಡಿ ತೆಗೆಸ್ತೀವಾ?

ಮುಂದಿನ ಸಲ ಜೈಲಿನ ಡಿಸೈನ್ ಒಂದು ಕಣ್ಣಿಗೆ ಬಿದ್ರೆ ಸೇವ್ ಬಟನ್ ಒತ್ತೋ ಮುಂಚೆ ಒಂದು ನಿಮಿಷ ನಿಲ್ಲಿ. ಇದನ್ನ ಇವನೇ ಬರೆಸಿಕೊಂಡನಾ, ಹಿಡಿದು ಬರೆದ್ರಾ? ಈ ಫೋಟೋ ತೆಗೆಯೋಕೆ ಅವನು ಒಪ್ಪಿದ್ನಾ? ಮತ್ತೆ ಹಚ್ಚೆ ಹಾಕಿರೋ ಯಾರನ್ನಾದ್ರೂ ನೋಡಿ ಅನುಮಾನ ಬಂದ್ರೆ, ಆ ಅನುಮಾನವನ್ನ ನನ್ನೊಳಗೆ ಬರೆದವರು ಯಾರು ಅಂತಾನೂ ಕೇಳ್ಕೊಳ್ಳಿ.

ಈ ರಜೆಗೆ ಊರಿಗೆ ಹೋದಾಗ ಅಜ್ಜಿ ಪಕ್ಕ ಕೂತು ಕೈಮೇಲಿನ ಹಚ್ಚೆ ಯಾರು ಹಾಕಿದ್ದು, ಆಗ ವಯಸ್ಸೆಷ್ಟು, ಅತ್ರಾ, ಕೂಲಿಗೆ ಏನು ಕೊಟ್ರು ಅಂತ ವಿಚಾರಿಸಿ. ಒಪ್ಪಿದ್ರೆ ಮಾತ್ರ ಫೋಟೋ ತೆಗೀರಿ. ಅವರು ಹೇಳಿದ್ದನ್ನ ಕಾಮೆಂಟಲ್ಲಿ ಬರೀರಿ, ಮುಂದಿನ ಸರಣಿ ಅದರ ಮೇಲೇ ಮಾಡೋಣ.

ಒಪ್ಪದವರೂ ಬನ್ನಿ, ಕಾಮೆಂಟ್ ಬಾಕ್ಸ್ ತೆರೆದೇ ಇದೆ. ಬೈಗುಳ ಬೇಡ, ವಾದ ಇರಲಿ.

#ಹಚ್ಚೆ #ಹಣೆಬರಹ #ಜೈಲಿನಹಚ್ಚೆ #ಕನ್ನಡಕ್ಯಾಪ್ಶನ್ #ಓದಿಹೇಳಿ